ಜಾಲಿಯ ನಡುವೆ ನಮ್ಮದೊಂದು ದಾರಿ

ಮೈಸೂರಿಗೆ ಪಾಕ, ಧಾರವಾಡಕ್ಕೆ ಪೇಡೆ, ಬೆಳಗಾವಿಗೆ ಕುಂದಾ. ಒಂದೊಂದು ಊರಿನ ಹೆಸರು ಒಂದೊಂದು ಸಿಹಿಗೆ ಅಂಟಿಕೊಂಡಿದೆ. ನಮ್ಮ ಬಳ್ಳಾರಿಯ ಹೆಸರು ಅಂಟಿಕೊಂಡಿರುವುದು ಯಾವುದಕ್ಕೆ ಗೊತ್ತೇ? ಮುಳ್ಳಿಗೆ! ‘ಬಳ್ಳಾರಿ ಜಾಲಿ’ ಎಂದರೆ ಕೋಲಾರದವರಿಗೂ ಗೊತ್ತು, ವಿಜಯಪುರದವರಿಗೂ ಗೊತ್ತು. ಗಡಿಯಾಚೆಯ ತೆಲುಗಿನವರು ಇದನ್ನೇ ‘ಸರ್ಕಾರು ತುಮ್ಮ’ ಅನ್ನುತ್ತಾರೆ. ತಮಿಳರು ಸೀಮೆಯ ಹೆಸರು ಹಚ್ಚಿ ‘ಸೀಮೈ ಕರುವೇಲಂ’ ಅನ್ನುತ್ತಾರೆ. ನಾವು ಮಾತ್ರ ನಮ್ಮ ಊರಿನ ಹೆಸರನ್ನೇ ಕೊಟ್ಟು ಕೂತಿದ್ದೇವೆ.

ನಿಜ ಹೇಳಬೇಕೆಂದರೆ ಈ ಗಿಡ ನಮ್ಮದಲ್ಲವೇ ಅಲ್ಲ. ಇದರ ತವರು ಮೆಕ್ಸಿಕೊ ಮತ್ತು ಅದರ ಕೆಳಗಿನ ಅಮೆರಿಕದ ಸೀಮೆ. 1877ರಲ್ಲಿ ಜಮೈಕಾದಿಂದ ಇದರ ಬೀಜ ತರಿಸಿ ಕಡಪದ ಕಡೆ ಹಾಕಿದರಂತೆ. ಆಗ ಬಳ್ಳಾರಿಯೂ ಕಡಪವೂ ಮದ್ರಾಸ್ ಪ್ರಾಂತದಲ್ಲೇ ಇದ್ದವು. 1876ರಿಂದ 1878ರವರೆಗಿನ ಆ ಘೋರ ಬರಗಾಲದ ಹೊತ್ತು ಅದು. ಬಳ್ಳಾರಿ ಸೀಮೆಯಲ್ಲಿ ಲೆಕ್ಕವಿಲ್ಲದಷ್ಟು ಜನ ಹಸಿವಿನಿಂದ ಸತ್ತ ಕಾಲ. ಮಳೆ ಇಲ್ಲದಿದ್ದರೂ ಹಸಿರಾಗಿ ನಿಲ್ಲುವ, ಸೌದೆಗೆ ಆಗುವ ಗಿಡ ಬೇಕೆಂದು ತಂದರು. ತಂದವರ ಉದ್ದೇಶ ಕೆಟ್ಟದ್ದಲ್ಲ ಬಿಡಿ. ಆದರೆ ಮನೆಗೆ ಎರಡು ದಿನಕ್ಕೆಂದು ಬಂದ ನೆಂಟ ಹಾಸಿಗೆ ಬಿಚ್ಚಿ ಅಲ್ಲೇ ಉಳಿದುಬಿಟ್ಟ ಹಾಗೆ ಆಯಿತು.

ಇಷ್ಟೆಲ್ಲ ಪೀಠಿಕೆ ಯಾಕೆಂದರೆ, ನಮ್ಮ ಸಿರುಗುಪ್ಪದಲ್ಲಿ ನಾವು ಹದಿನಾಲ್ಕು ಜನ ಹೆಂಗಸರು ಸೇರಿ ಒಂದು ಬೇಸಿಗೆಯಲ್ಲಿ ಕಾಲುವೆ ದಂಡೆಯ ಜಾಲಿ ಕಡಿದು ನಡೆಯುವ ದಾರಿ ಮಾಡಿಕೊಂಡೆವು. ಅದರ ಕಥೆ ಹೇಳಬೇಕು. ಜೊತೆಗೆ ಅದೇ ವರ್ಷ ನೋಡಿದ ಬಳ್ಳಾರಿ ಕೋಟೆ ಗುಡ್ಡದ ದಾರಿ, ಕುರುಗೋಡಿನ ದಾರಿಗಳ ಮಾತೂ ಬರುತ್ತದೆ. ಮೂರೂ ಕಡೆ ಮುಳ್ಳು ಒಂದೇ.

ಬೇರೆ ದೇಶಗಳಲ್ಲಿಯೂ ಹೀಗೆ ದಾರಿ ಬಿಡಿಸುವವರು ಇದ್ದಾರೆ. ಇಂಗ್ಲೆಂಡಿನಲ್ಲಿ 1935ರಿಂದ ‘ರ್‍ಯಾಂಬ್ಲರ್ಸ್’ ಎಂಬ, ನಡೆಯುವವರದೇ ಒಂದು ಸಂಘವಿದೆ. ಅಲ್ಲಿ ಬೇಸಿಗೆ ಬಂತೆಂದರೆ ಹೊಲಗಳ ನಡುವಿನ ಕಾಲುದಾರಿಯ ಮೇಲೆ ತುರಿಕೆ ಗಿಡ, ಮುಳ್ಳುಬಳ್ಳಿ ಎದೆಮಟ್ಟ ಬೆಳೆದುಬಿಡುತ್ತವೆ. ಆ ಸಂಘದ ಜನ ಕತ್ತರಿ, ಕುಡುಗೋಲು ಹಿಡಿದು ಹೋಗಿ ಸಂಬಳವಿಲ್ಲದೆ ದಾರಿ ಬಿಡಿಸುತ್ತಾರೆ. ಅವರ ಬೇಸಿಗೆಯಲ್ಲಿ ಎಲ್ಲವೂ ಬೆಳೆಯುತ್ತದೆ. ನಮ್ಮ ಬೇಸಿಗೆಯಲ್ಲಿ ಎಲ್ಲವೂ ಒಣಗುತ್ತದೆ, ಜಾಲಿ ಒಂದನ್ನು ಬಿಟ್ಟು! ಏಪ್ರಿಲ್ ತಿಂಗಳ ನಲವತ್ತು ಡಿಗ್ರಿ ಬಿಸಿಲಲ್ಲಿ ಹುಲ್ಲುಕಡ್ಡಿ ಸಹ ಕರಕಲಾಗಿರುವಾಗ ಇದು ಮಾತ್ರ ಮದುವಣಗಿತ್ತಿಯ ಹಾಗೆ ಹಸಿರುಟ್ಟು ನಿಂತಿರುತ್ತದೆ. ಬೇರು ಅಷ್ಟು ಆಳಕ್ಕೆ ಹೋಗಿ ನೀರು ಕುಡಿಯುತ್ತದೆ.

ಮೊದಲು ಬಳ್ಳಾರಿಯ ಮಾತು. ಮಗಳ ಬಾಣಂತನಕ್ಕೆಂದು ಒಂದೂವರೆ ತಿಂಗಳು ಅಲ್ಲಿದ್ದೆ. ನನಗೆ ಸಕ್ಕರೆ ಕಾಯಿಲೆ ಶುರುವಾಗಿ ದಿನಾ ಅರ್ಧ ಗಂಟೆ ನಡೆಯಲೇಬೇಕೆಂದು ಡಾಕ್ಟರು ಹೇಳಿದ್ದರು. ಅಳಿಯಂದಿರು ‘ಕೋಟೆ ಗುಡ್ಡಕ್ಕೆ ಹೋಗ್ರಿ ಅತ್ತಿ, ಬೆಳಿಗ್ಗೆ ಭಾಳ ಮಂದಿ ಬರ್ತಾರ’ ಅಂದರು. ಐದೂವರೆಗೆ ಹೊರಟರೆ ತಂಪು ಹೊತ್ತಿನಲ್ಲೇ ಹತ್ತಿ ಇಳಿಯಬಹುದು.

ಬಳ್ಳಾರಿ ನೋಡದವರಿಗೆ ಹೇಳುತ್ತೇನೆ. ಊರ ನಡುವೆಯೇ ದೊಡ್ಡ ಬಂಡೆಗುಡ್ಡ. ಮೇಲಿನ ಕೋಟೆ ವಿಜಯನಗರದ ಕಾಲದ ಪಾಳೆಯಗಾರ ಹನುಮಪ್ಪ ನಾಯಕ ಕಟ್ಟಿಸಿದ್ದು. ಕೆಳಗಿನ ಕೋಟೆ 18ನೇ ಶತಮಾನದಲ್ಲಿ ಹೈದರಾಲಿ ಕಟ್ಟಿಸಿದ್ದು. ಅದನ್ನು ಕಟ್ಟಿದ ಫ್ರೆಂಚ್ ಎಂಜಿನಿಯರನನ್ನು ಹೈದರ್ ಗಲ್ಲಿಗೇರಿಸಿದ ಎಂಬ ಕಥೆ ಊರಿನ ಮಕ್ಕಳಿಗೂ ಬಾಯಿಪಾಠ. ಎದುರಿನ ಕುಂಬಾರ ಗುಡ್ಡ ಕೋಟೆ ಗುಡ್ಡಕ್ಕಿಂತ ಎತ್ತರವಾಗಿದೆ, ಅಲ್ಲಿಂದ ಶತ್ರುಗಳು ಗುಂಡು ಹಾರಿಸಬಹುದು, ಇಷ್ಟೂ ನೋಡದೆ ಕೋಟೆ ಕಟ್ಟಿದನಲ್ಲ ಎಂದು ಸಿಟ್ಟಂತೆ. ಪಾಪ, ಗುಡ್ಡವನ್ನು ಅಲ್ಲಿಟ್ಟವನು ಎಂಜಿನಿಯರನೇ? ಗುಡ್ಡದ ಬುಡದಲ್ಲಿ ಊರದೇವತೆ ಕನಕ ದುರ್ಗಮ್ಮನ ಗುಡಿ ಇದೆ. ಅಮ್ಮನಿಗೆ ಕೈಮುಗಿದೇ ಹತ್ತುವವರು ಹೆಚ್ಚು.

ಬಂಡೆಯ ಮೇಲೆ ಕಡಿದ ಮೆಟ್ಟಿಲುಗಳಲ್ಲಿ ಮುಳ್ಳಿನ ತೊಂದರೆ ಇಲ್ಲ. ಕಲ್ಲು ಸಂದಿಯಲ್ಲಿ ಮಣ್ಣು ಸಿಕ್ಕಲ್ಲಿ, ನೀರಿನ ಹೊಂಡಗಳ ಅಂಚಿನಲ್ಲಿ, ಬುಡದ ಬಯಲಿನಲ್ಲಿ ಜಾಲಿಯ ರಾಜ್ಯ. ಒಂದು ಭಾನುವಾರ ಬುಡದ ಬಯಲಿನ ಹತ್ತಿರ ಆರೇಳು ಜನ ಕೈಗೆ ಬಟ್ಟೆ ಸುತ್ತಿಕೊಂಡು ದಾರಿಗೆ ಬಾಗಿದ್ದ ಕೊಂಬೆ ಕಡಿಯುತ್ತಿದ್ದರು. ನಿವೃತ್ತ ಮೇಷ್ಟ್ರೊಬ್ಬರು, ಜೀನ್ಸ್ ಹೊಲಿಯುವ ಹುಡುಗರು ಇಬ್ಬರು, ಅಂಗಡಿಯವರೊಬ್ಬರು. (ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಮನೆಗಳು ಗಲ್ಲಿಗಲ್ಲಿಗೂ ಇವೆಯಲ್ಲ!) ‘ಯಾರು ಹೇಳಿದರು ನಿಮಗೆ?’ ಎಂದು ಕೇಳಿದೆ. ಮೇಷ್ಟ್ರು ನಕ್ಕು, ‘ಯಾರೂ ಹೇಳಿಲ್ಲಮ್ಮ. ಮುಳ್ಳು ಹೋದ ವಾರ ನನ್ನ ಅಂಗಿ ಹಿಡಿದು ಕೇಳಿತು’ ಅಂದರು. ಕೋಟೆಯ ಗೋಡೆಗೆ, ಮೆಟ್ಟಿಲಿಗೆ ಮಾತ್ರ ಕೈ ಹಚ್ಚುವುದಿಲ್ಲವಂತೆ. ಅದು ಪುರಾತತ್ವ ಇಲಾಖೆಯ ವಶದಲ್ಲಿರುವುದು. ಅಲ್ಲದೆ ಗೋಡೆ ಸಂದಿಯ ಗಿಡ ಜಗ್ಗಿದರೆ ಬೇರಿನ ಜೊತೆ ಕಲ್ಲೂ ಕಿತ್ತು ಬರುತ್ತದೆ. ಅದನ್ನು ತಿಳಿದವರೇ ತೆಗೆಯಬೇಕು.

ಅದೇ ಮೇಷ್ಟ್ರು ಇನ್ನೊಂದು ಮಾತು ಹೇಳಿದರು. ಬಳ್ಳಾರಿ ಪಕ್ಕದ ಸಂಗನಕಲ್ಲು ಗುಡ್ಡಗಳಲ್ಲಿ ನಾಲ್ಕೈದು ಸಾವಿರ ವರ್ಷದ ಹಿಂದೆಯೇ ಜನ ಬಾಳಿದ್ದರು. ಅಲ್ಲಿ ಅಗೆದಾಗ ಸುಟ್ಟು ಕರಕಾದ ಕಾಳುಗಳು ಸಿಕ್ಕಿವೆ. ಹುರುಳಿ, ಹೆಸರು, ಕೊರಲೆ. ನೋಡಿ, ನಾವು ನಿನ್ನೆ ಮಾಡಿದ ಹುರುಳಿ ಸಾರಿಗೆ ಎಷ್ಟು ವಯಸ್ಸು! ಆ ಕಲ್ಲಿನ ಕೊಡಲಿಗಳನ್ನೆಲ್ಲ ಊರಿನಲ್ಲೇ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಮ್ಯೂಸಿಯಮ್ಮಿನಲ್ಲಿ ಇಟ್ಟಿದ್ದಾರೆ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸುವಂಥದ್ದು. ಆ ಜನ ಈ ಬಯಲಲ್ಲಿ ಓಡಾಡುವಾಗ ಬನ್ನಿ ಇತ್ತು, ಕರಿಜಾಲಿ ಇತ್ತು, ಬೋರೆ ಇತ್ತು. ಈಗ ದಾರಿ ಮುಚ್ಚಿರುವ ಈ ಜಾಲಿ ಇರಲಿಲ್ಲ. ನೂರೈವತ್ತು ವರ್ಷದ ಹೊಸಬ ಇದು.

ಊರಿಗೆ ವಾಪಸು ಬಂದ ಮೇಲೆ ನಡೆಯುವುದು ಎಲ್ಲಿ ಎಂಬ ಪ್ರಶ್ನೆ ಬಂತು. ಸಿರುಗುಪ್ಪದಲ್ಲಿ ಹೈವೇ ಮೇಲೆ ನಡೆಯುವ ಹಾಗಿಲ್ಲ, ಭತ್ತದ ಲಾರಿಗಳು ಮೈಮೇಲೆ ಬಂದಂತೆ ಬರುತ್ತವೆ. ಓಣಿಯಲ್ಲಿ ನಡೆದರೆ ನಾಯಿಗಳ ಕಾಟ, ಅದಕ್ಕಿಂತ ಹೆಚ್ಚಾಗಿ ‘ಎಲ್ಲಿಗ್ ಹೊಂಟ್ರಿ?’ ಎಂಬ ಪ್ರಶ್ನೆಯ ಕಾಟ. ಗಂಡಸರಿಗೆ ಹೈಸ್ಕೂಲ್ ಮೈದಾನ ಇದೆ. ನಮಗೆ? ಇದು ನನ್ನ ಒಬ್ಬಳ ತೊಂದರೆ ಅಲ್ಲ. ನಮ್ಮ ಭಜನೆಗೆ ಬರುವ ಹೆಂಗಸರಲ್ಲಿ ನಾಲ್ಕು ಜನಕ್ಕೆ ಸಕ್ಕರೆ, ಮೂವರಿಗೆ ಬಿ.ಪಿ., ಮಂಡಿನೋವು ಎಲ್ಲರಿಗೂ. ಡಾಕ್ಟರು ಎಲ್ಲರಿಗೂ ಒಂದೇ ಮಾತು ಹೇಳಿ ಕಳಿಸುತ್ತಾರೆ, ‘ವಾಕಿಂಗ್ ಮಾಡಿ’. ಎಲ್ಲಿ ಮಾಡಬೇಕು ಎಂದು ಚೀಟಿಯಲ್ಲಿ ಬರೆಯುವುದಿಲ್ಲ.

ಊರಿನ ಅಂಚಿನಲ್ಲಿ ಕಾಲುವೆ ಇದೆ. ಸಿರುಗುಪ್ಪದ ಹಳೆಯ ಕಾಲುವೆ ಎಂದರೆ ಸಾಮಾನ್ಯವಲ್ಲ, ವಿಜಯನಗರದ ಅರಸರ ಕಾಲದ್ದು. ತುಂಗಭದ್ರೆಗೆ ಅಡ್ಡವಾಗಿ ಕಲ್ಲು ಜೋಡಿಸಿ ಒಡ್ಡು ಹಾಕಿ ನೀರು ತಿರುಗಿಸಿದ ಹಲವು ಕಾಲುವೆಗಳಲ್ಲಿ ನಮ್ಮ ಸಿರುಗುಪ್ಪ, ದೇಶನೂರಿನ ಕಾಲುವೆಗಳೂ ಇವೆ. 1953ರಲ್ಲಿ ಹೊಸಪೇಟೆಯ ಡ್ಯಾಮಿನಿಂದ ನೀರು ಬಿಡುವುದಕ್ಕೆ ಎಷ್ಟೋ ಶತಮಾನ ಮೊದಲೇ ಇಲ್ಲಿ ಭತ್ತ ಬೆಳೆಯುತ್ತಿದ್ದರು. ನಮ್ಮ ಮನೆಯವರ ಅಜ್ಜಿ ಹೇಳುತ್ತಿದ್ದರು, ಬೇಸಿಗೆಯಲ್ಲಿ ನೀರು ನಿಲ್ಲಿಸಿದಾಗ ಮನೆಗೊಬ್ಬರಂತೆ ಸಲಿಕೆ ಹಿಡಿದು ಹೋಗಿ ಹೂಳು, ಆಪು ತೆಗೆಯುತ್ತಿದ್ದರಂತೆ. ಅದಕ್ಕೆ ಯಾರೂ ಸೇವೆ ಎಂದು ಹೆಸರಿಡುತ್ತಿರಲಿಲ್ಲ. ಮಾಡದ ಮನೆಯವರ ಗದ್ದೆಗೆ ನೀರು ತಡ, ಅಷ್ಟೇ.

ಊರ ಅಂಚಿನ ಒಂದು ಮರಿಗಾಲುವೆಯ ದಂಡೆಯ ಮೇಲೆ ಬಂಡಿ ಹೋಗುವಷ್ಟು ಅಗಲದ ದಾರಿ ಮೊದಲಿಂದ ಇತ್ತು. ಹತ್ತು ಹದಿನೈದು ವರ್ಷದಿಂದ ಜಾಲಿ ಎರಡೂ ಕಡೆಯಿಂದ ಬಾಗಿ, ನಡುವೆ ಒಬ್ಬರು ಬಗ್ಗಿ ನುಸುಳುವಷ್ಟು ಸುರಂಗ ಉಳಿದಿತ್ತು. ಅದರೊಳಗೆ ಸಂಜೆ ಆದ ಮೇಲೆ ಕುಡಿಯುವವರು ಕೂರುತ್ತಿದ್ದರು. ಬಾಟಲಿ ಚೂರು, ಇಸ್ಪೀಟು. ಹೆಣ್ಣುಮಕ್ಕಳು ಅತ್ತ ಮುಖ ಹಾಕುತ್ತಿರಲಿಲ್ಲ. ಹೊಲಕ್ಕೆ ಹೋಗುವ ಕೂಲಿ ಹೆಂಗಸರೂ ಸುತ್ತಿ ಬಳಸಿ ಹೋಗುತ್ತಿದ್ದರು. ಮುಳ್ಳಿಗೆ ಹೆದರಿ ಅಲ್ಲ ಎಂಬುದು ನಿಮಗೂ ತಿಳಿಯುತ್ತದೆ.

ಮಾರ್ಚ್ ಕೊನೆಯ ಭಜನೆಯ ದಿನ ಮಾತು ತೆಗೆದೆವು. ಯಾರಾದರೂ ಕಡಿಸಿಕೊಡಲಿ ಎಂದು ಅರ್ಜಿ ಕೊಡೋಣ ಎಂದರು ಕೆಲವರು. ಅರ್ಜಿ ಕೊಟ್ಟು ಕಾಯುವಷ್ಟು ಹೊತ್ತಿಗೆ ನಮ್ಮ ಮಂಡಿಗಳು ಮುಗಿದೇ ಹೋಗುತ್ತವೆ ಎಂದರು ಇನ್ನೊಬ್ಬರು! ಕೊನೆಗೆ ನೀರಾವರಿ ಎಂಜಿನಿಯರರ ಹತ್ತಿರ ನಾಲ್ಕು ಜನ ಹೋಗಿ ಕೇಳಿದೆವು. ಅವರು ಕೂರಿಸಿ ಮಾತಾಡಿಸಿ, ‘ಕಡೀರಿ, ಆದರೆ ಒಂದು ಷರತ್ತು. ಏರಿಯಲ್ಲಿ ಬೇರು ಮಾತ್ರ ಅಗೀಬ್ಯಾಡ್ರಿ’ ಎಂದರು.

ಈ ಷರತ್ತಿನಲ್ಲೇ ನಮ್ಮ ಕೆಲಸದ ಕಷ್ಟವೆಲ್ಲ ಅಡಗಿತ್ತು. ಜಾಲಿಯ ಗುಣ ಹೇಗೆಂದರೆ, ನೆಲದ ಮೇಲೆ ಎಷ್ಟೇ ಕಡಿಯಿರಿ, ಒಂದು ಬೊಡ್ಡೆಯಿಂದ ಹತ್ತು ಚಿಗುರು ಬರುತ್ತವೆ. ಒಂದು ಮರ ಇದ್ದದ್ದು ಪೊದೆ ಆಗುತ್ತದೆ. ಚಿಗುರುವ ಕಣ್ಣುಗಳು ಇರುವುದು ಬೇರು ಮತ್ತು ಕಾಂಡ ಸೇರುವ ಕಡೆ, ಮಣ್ಣಿನ ಒಳಗೆ. ಹಾಗಾಗಿ ಗೇಣು ಆಳ ಅಗೆದು ಆ ಗಂಟಿನ ಕೆಳಗೆ ಕತ್ತರಿಸಿದರೆ ಮಾತ್ರ ಸಾಯುತ್ತದೆ. ಆದರೆ ಏರಿಯ ಮಣ್ಣನ್ನು ಹಿಡಿದಿರುವುದೂ ಅದೇ ಬೇರು. ಅಗೆದ ಗುಂಡಿಯಲ್ಲಿ ನೀರು ಜಿನುಗಿ ಏರಿ ಒಡೆದರೆ ಯಾರದೋ ಗದ್ದೆ ಹೋಯಿತು. ಆದ್ದರಿಂದ ಹೊಲದ ಕಡೆಯ ಸಮ ನೆಲದಲ್ಲಿ ಬೇರು ಸಮೇತ ತೆಗೆಯುವುದು, ಏರಿಯ ಮೇಲೆ ನೆಲಮಟ್ಟಕ್ಕೆ ಕಡಿದು, ಚಿಗುರು ಬಂದ ಹಾಗೆಲ್ಲ ಮುರಿಯುತ್ತಾ ಇರುವುದು ಎಂದು ಆಯಿತು. ಒಂದು ದಿನದ ಶ್ರಮದಾನ, ಫೋಟೋ, ಉಪ್ಪಿಟ್ಟು, ಮುಗಿಯಿತು ಅನ್ನುವ ಹಾಗಿಲ್ಲ.

ಬೆಳಿಗ್ಗೆ ಐದೂವರೆಯಿಂದ ಏಳೂವರೆವರೆಗೆ, ವಾರಕ್ಕೆ ಎರಡು ದಿನ. ಆ ಮೇಲೆ ಬಿಸಿಲು ನಿಲ್ಲಗೊಡದು, ಮನೆಯಲ್ಲಿ ಡಬ್ಬಿ ಕಟ್ಟುವ ಕೆಲಸವೂ ಕಾಯುತ್ತಿರುತ್ತದೆ. ಮಚ್ಚು ಎರಡು, ಕೊಡಲಿ ಒಂದು, ಕುಡುಗೋಲು ಐದಾರು. ಮೊದಲ ದಿನ ನಮ್ಮ ಅವಸ್ಥೆ ನೋಡಬೇಕಿತ್ತು. ಕೊಂಬೆ ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಬಂದು ಸೆರಗು ಹಿಡಿಯುತ್ತದೆ. ಒಂದು ಗಂಟೆಯಲ್ಲಿ ಹತ್ತು ಹೆಜ್ಜೆಯೂ ಆಗಲಿಲ್ಲ.

ಪಕ್ಕದ ಗುಡಿಸಲುಗಳ ಕೇರಿಯ ಒಬ್ಬ ಹಿರಿಯ ಹೆಂಗಸು ಸೌದೆಗೆಂದು ಬಂದವಳು ನಿಂತು ನೋಡಿ ನಕ್ಕಳು. ‘ಹಂಗಲ್ರವ್ವ, ಕವೆಕೋಲು ತರ್ರಿ’ ಎಂದಳು. ಕವೆಕೋಲು ಎಂದರೆ ತುದಿಯಲ್ಲಿ ಇಬ್ಬಾಗವಾದ ಉದ್ದನೆಯ ಕೋಲು. ಅದರಿಂದ ಒಬ್ಬರು ಕೊಂಬೆಯನ್ನು ಆಚೆ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಬುಡಕ್ಕೆ ಕೊಡಲಿ ಹಾಕಬೇಕು. ಕಡಿದ ಕೊಂಬೆಯನ್ನು ತುದಿ ಹಿಡಿದು ಎಳೆಯಬಾರದು, ಬುಡ ಹಿಡಿದು ಎಳೆದರೆ ರೆಂಬೆಗಳೆಲ್ಲ ಹಿಂದಕ್ಕೆ ಮಡಿಚಿಕೊಂಡು ಬರುತ್ತವೆ. ಇಷ್ಟೇ ವಿದ್ಯೆ. ಅವಳು ಬಂದ ಮೇಲೆ ಕೆಲಸ ಮೂರು ಪಟ್ಟು ಓಡಿತು. ಕಡಿದ ಸೌದೆಯೆಲ್ಲ ಆ ಕೇರಿಯವರಿಗೇ ಎಂದು ಮೊದಲ ವಾರವೇ ಮಾತಾಯಿತು. ಇದ್ದಿಲು ಸುಡುವ ಒಬ್ಬ ವ್ಯಾಪಾರಿ ಬಂದು ‘ನಾನೇ ಪೂರಾ ಕಡಿಸಿಕೊಂಡು ಹೋಗ್ತೀನಿ’ ಎಂದ. ಬೇಡವೆಂದು ಕಳಿಸಿದೆವು. ಆತ ದಪ್ಪ ಬೊಡ್ಡೆ ಕಡಿದು ಒಯ್ದು ಮುಳ್ಳಿನ ರೆಂಬೆ ನಮಗೆ ಬಿಟ್ಟು ಹೋಗುವವನು.

ಜಾಲಿ ಸೌದೆ ಹಸಿಯಾಗಿದ್ದರೂ ಉರಿಯುತ್ತದೆ, ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಈಗ ಗ್ಯಾಸು ಬಂದಿದೆ, 2016ರಿಂದ ಉಜ್ವಲ ಯೋಜನೆಯಲ್ಲಿ ಬಡವರ ಮನೆಗೂ ಸಿಲಿಂಡರು ಬಂತು. ಆದರೆ ಖಾಲಿಯಾದ ಸಿಲಿಂಡರು ತುಂಬಿಸಲು ದುಡ್ಡು ಬೇಕಲ್ಲ? ಆ ಕೇರಿಯಲ್ಲಿ ಗ್ಯಾಸಿನ ಮೇಲೆ ಚಹಾ, ಜಾಲಿಯ ಮೇಲೆ ರೊಟ್ಟಿ. ಈ ಗಿಡವನ್ನು ಪೂರ್ತಿ ಬೈಯುವವರು ಇದನ್ನೂ ನೆನಪಿಡಬೇಕು.

ನಾಲ್ಕನೇ ವಾರ. ದಾರಿ ಅರ್ಧಕ್ಕಿಂತ ಹೆಚ್ಚು ಬಿಟ್ಟಿತ್ತು. ಮುಂದೆ ಕೇರಿಯ ಹಿಂಭಾಗಕ್ಕೆ ಹತ್ತಿದ ದಟ್ಟ ಜಾಲಿಯ ಮೆಳೆ. ಅಲ್ಲಿಗೆ ಕೊಡಲಿ ಒಯ್ದ ದಿನ ಆ ಹಿರಿಯಳೇ ಬಂದು ಅಡ್ಡ ನಿಂತಳು. ಜೊತೆಗೆ ಕೇರಿಯ ನಾಲ್ಕೈದು ಹೆಂಗಸರು, ಒಬ್ಬಳು ಹದಿನಾಲ್ಕು ಹದಿನೈದರ ಹುಡುಗಿ.

‘ಇಲ್ಲೀತನ ಕಡದ್ರಿ, ಛಲೋ ಆತು. ಇದನ್ನೂ ಕಡದ್ರ ನಾಳೆ ಬೆಳಿಗ್ಗೆ ನಾವು ಎಲ್ಲಿ ಕುಂದ್ರಬೇಕು ಹೇಳ್ರವ್ವ?’

ಯಾರಿಗೂ ಮಾತು ಹೊರಡಲಿಲ್ಲ. ಹುಡುಗಿ ತಲೆ ತಗ್ಗಿಸಿಬಿಟ್ಟಳು. ನಮ್ಮಲ್ಲೇ ಒಬ್ಬರು ‘2014ರಿಂದ ಸ್ವಚ್ಛ ಭಾರತದಲ್ಲಿ ಕಕ್ಕಸು ಕಟ್ಟಿಸಿಕೊಟ್ಟಿದ್ದಾರಲ್ಲ, ಉಪಯೋಗಿಸಬೇಕಪ್ಪ’ ಎಂದರು. ‘ಬರ್ರಿ, ನೋಡ್ರಿ’ ಎಂದಳು ಹಿರಿಯಳು. ಹೋಗಿ ನೋಡಿದೆವು. ಹನ್ನೊಂದು ಮನೆಗೆ ಏಳು ಕಕ್ಕಸು. ಒಂದರಲ್ಲಿ ಸೌದೆ, ಒಂದರಲ್ಲಿ ಮೇಕೆಮರಿ. ಎರಡರ ಗುಂಡಿ ತುಂಬಿ ಹೋಗಿತ್ತು. ಉಳಿದವಕ್ಕೆ ನೀರಿಲ್ಲ. ಬೀದಿ ನಲ್ಲಿಗೆ ನೀರು ಮೂರು ದಿನಕ್ಕೊಮ್ಮೆ. ಹೊತ್ತು ತಂದ ಎರಡು ಕೊಡದಲ್ಲಿ ಅಡುಗೆಗೆ ಇಡಬೇಕೋ ಕಕ್ಕಸಿಗೆ ಸುರಿಯಬೇಕೋ? ನೀರು ಹೊರುವವಳು ಹೆಂಗಸೇ ಆಗಿರುವಾಗ ಅವಳ ಲೆಕ್ಕ ನಮಗೆ ತಿಳಿಯದ್ದೇನಲ್ಲ.

ಅವತ್ತು ಕೆಲಸ ಮಾಡಲಿಲ್ಲ. ದಂಡೆಯ ಮೇಲೆ ಕೂತು ಬುತ್ತಿ ಬಿಚ್ಚಿದೆವು. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಹಸಿ ಈರುಳ್ಳಿ, ಮಜ್ಜಿಗೆ. ಕೇರಿಯವರೂ ಕೂತರು. ನಮ್ಮೊಳಗೆ ಜಗಳವೇ ಆಯಿತು ಎನ್ನಿ. ‘ಅದೇ ಮೆಳೆಯಲ್ಲೇ ಕುಡುಕರು ಕೂರೋದು, ಅದನ್ನು ಬಿಟ್ಟರೆ ದಾರಿ ಮಾಡಿ ಏನು ಸುಖ?’ ಎಂಬುದು ಒಂದು ಪಕ್ಷ. ಆ ಮಾತೂ ಸುಳ್ಳಲ್ಲ. ‘ಕುಡುಕರು ಕೂರೋದು ಸಂಜಿಗೆ, ನಾವು ಹೋಗೋದು ನಸುಕಿಗೆ’ ಎಂದಳು ಕೇರಿಯ ಒಬ್ಬಳು. ‘ಕತ್ತಲಾಗಿಂದ ನಮ್ಮ ಹುಡುಗೀರು ಹೊಟ್ಟಿ ಹಿಡ್ಕೊಂಡು ಕೂಡ್ತಾರ್ರಿ.’ ಈ ಮಾತು ಕೇಳಿದ ಮೇಲೆ ನನ್ನ ಅಭಿಪ್ರಾಯ ಗಟ್ಟಿಯಾಯಿತು. ನಮ್ಮ ವಾಕಿಂಗಿಗೆ ಇನ್ನೊಬ್ಬ ಹೆಂಗಸಿನ ಮರೆ ಕೀಳುವ ದಾರಿ ನಮಗೆ ಬೇಡ. ಹಾಗೆಂದು ಮೆಳೆ ಇದ್ದರೆ ಸಾಕು ಎಂದು ಕೈ ತೊಳೆದುಕೊಳ್ಳುವುದೂ ಸರಿಯಲ್ಲ. ಮುಳ್ಳಿನ ಮರೆಯೇ ಗತಿ ಎಂಬುದು ಯಾವ ಹುಡುಗಿಗೂ ಶಾಶ್ವತ ಏರ್ಪಾಡಾಗಬಾರದು.

ಕೊನೆಗೆ ಒಪ್ಪಿದ್ದು ಹೀಗೆ. ಸುಮಾರು ನಲವತ್ತು ಹೆಜ್ಜೆಯಷ್ಟು ಮೆಳೆ ಹಾಗೇ ಉಳಿಯಲಿ. ದಾರಿ ಅಲ್ಲಿ ಏರಿಯಿಂದ ಇಳಿದು ಪಕ್ಕದ ಪಾಳು ಹೊಲದ ಬದುವಿನ ಮೇಲೆ ಸುತ್ತಿಕೊಂಡು ಮತ್ತೆ ಏರಿಗೆ ಹತ್ತಲಿ. ಹೊಲದವರು ‘ನಡೀರಿ, ನನ್ನ ಬದುವೂ ಗಟ್ಟಿ ಆಗ್ತೈತಿ’ ಎಂದು ಒಪ್ಪಿದರು. ಮೆಳೆಯ ಒಳಗಿನ ಬಾಟಲಿ ಚೂರು ಎಲ್ಲ ಆರಿಸಿ ತೆಗೆದೆವು. ಎರಡು ಗುಂಡಿ ಖಾಲಿ ಮಾಡಿಸಲು ಭಜನೆಯ ಹುಂಡಿಯಿಂದ ಸ್ವಲ್ಪ ಕೊಟ್ಟೆವು. ಬಟ್ಟೆ ಒಗೆದ ನೀರನ್ನು ಡ್ರಮ್ಮಿನಲ್ಲಿ ಹಿಡಿದಿಟ್ಟರೆ ಕಕ್ಕಸಿಗೆ ಆಗುತ್ತದೆ ಎಂದು ಕೇರಿಯ ಒಬ್ಬಳೇ ಉಪಾಯ ತೆಗೆದಳು. ಆ ಎರಡು ಮನೆಯವರು ಈಗ ಒಳಗೇ ಹೋಗುತ್ತಾರೆ. ಉಳಿದವರದ್ದು ಆಗಿಲ್ಲ. ನಮ್ಮ ಗುಂಪಿನ ಇಬ್ಬರು ಈ ನಿರ್ಧಾರ ಒಪ್ಪದೆ ಬರುವುದು ಬಿಟ್ಟರು. ಹೋಗಲಿ.

ಕೆಲಸ ಮಾಡಬೇಕೆನ್ನುವ ಸೋದರಿಯರಿಗೆ ನಾಲ್ಕು ಮಾತು ಇಲ್ಲೇ ಹೇಳಿಬಿಡುತ್ತೇನೆ. ಹವಾಯಿ ಚಪ್ಪಲಿ ಹಾಕಿಕೊಂಡು ಹೋಗಬೇಡಿ. ಜಾಲಿ ಮುಳ್ಳು ಅದನ್ನು ಸೂಜಿ ಬಟ್ಟೆ ದಾಟಿದ ಹಾಗೆ ದಾಟುತ್ತದೆ. ದಪ್ಪ ಅಡಿಯ ಬೂಟೇ ಬೇಕು, ಮಗನದ್ದಾದರೂ ಸರಿ, ನಾಚಿಕೆ ಏನು! ಮುಳ್ಳು ಚುಚ್ಚಿದರೆ ಸೋಪು ನೀರಿನಲ್ಲಿ ತೊಳೆದು, ಕುದಿಸಿದ ಸೂಜಿಯಿಂದ ತೆಗೆಯಿರಿ. ತುದಿ ಒಳಗೆ ಮುರಿದರೆ, ಅಥವಾ ಕೀಲಿನ ಹತ್ತಿರ ಚುಚ್ಚಿದರೆ ಮನೆ ಮದ್ದಿನಲ್ಲಿ ಕಾಲ ಕಳೆಯಬೇಡಿ, ಬಾವು ಬರುತ್ತದೆ. ಆಸ್ಪತ್ರೆಗೆ ಹೋಗಿ ಧನುರ್ವಾಯುವಿನ ಚುಚ್ಚುಮದ್ದೂ ಕೇಳಿ. ಪೊದೆಗೆ ಕೈ ಹಾಕುವ ಮೊದಲು ಕೋಲಿನಿಂದ ನೆಲ ಬಡಿಯಿರಿ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಮಂತ್ರ ಹಾಕಿಸುವುದು ಯಾವುದೂ ಬೇಡ. ಅಲುಗಾಡಿಸದೆ ನೇರ ಆಸ್ಪತ್ರೆಗೆ.

ಕಾಂಗ್ರೆಸ್ ಗಿಡದ ಮಾತೂ ಇದೆ. ಜಾಲಿಯ ನೆರಳು ಹೋದ ಜಾಗದಲ್ಲಿ ಮೊದಲ ಮಳೆಗೆ ಬಂದು ಕೂರುವುದು ಅದೇ. ಅಮೆರಿಕದ ಗೋಧಿಯ ಜೊತೆ ಬಂದು 1950ರ ದಶಕದ ನಡುವಿನಲ್ಲಿ ಪುಣೆಯಲ್ಲಿ ಮೊದಲು ಕಣ್ಣಿಗೆ ಬಿತ್ತು ಅನ್ನುತ್ತಾರೆ. ಬಿಳಿ ಹೂವು ಬಿಡುವ ಮೊದಲೇ, ನೆಲ ಹಸಿ ಇರುವಾಗ, ತೋಳು ಮುಚ್ಚಿಕೊಂಡು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಬೇರು ಸಮೇತ ಕೀಳಬೇಕು. ಕೆಲವರ ಚರ್ಮಕ್ಕೆ ಅದು ತಾಗಿದರೆ ವರ್ಷಗಟ್ಟಲೆ ತುರಿಕೆ ಬಿಡುವುದಿಲ್ಲ. ಉಬ್ಬಸ ಇರುವವರು ಹತ್ತಿರವೇ ಹೋಗಬಾರದು. ಅದರ ಎಲೆಯ ಮೇಲೆ ಮಾಸಲು ಬಿಳುಪಿಗೆ ಕಪ್ಪು ಗೆರೆಯ ಪುಟ್ಟ ದುಂಬಿ ಕಂಡರೆ ಕೊಲ್ಲಬೇಡಿ. ಈ ಗಿಡವನ್ನು ತಿನ್ನಲೆಂದೇ ಮೆಕ್ಸಿಕೊದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ದುಂಬಿ ಅದು. ಗಿಡವೂ ಅಲ್ಲಿಯದೇ, ದುಂಬಿಯೂ ಅಲ್ಲಿಯದೇ!

ಇನ್ನು ಜಾಲಿ ಕಾಯಿ. ಬೇಸಿಗೆಯಲ್ಲಿ ಹಳದಿಯಾಗಿ ಉದುರುತ್ತವೆ, ಸಿಹಿ ಇರುತ್ತವೆ. ಎಲೆ ಮುಟ್ಟದ ಮೇಕೆಗಳು ಕಾಯಿಗೆ ಮುಗಿಬೀಳುತ್ತವೆ. ಬೀಜ ಹೊಟ್ಟೆಯಲ್ಲಿ ಕರಗದೆ ಹಿಕ್ಕೆಯ ಜೊತೆ ಬಿದ್ದು, ಗೊಬ್ಬರ ಸಮೇತ ಮೊಳೆಯುತ್ತದೆ. ಪೆರು ದೇಶದಲ್ಲಿ ಇದೇ ಜಾತಿಯ ಗಿಡದ ಕಾಯಿಯಿಂದ ಕಾಕಂಬಿಯಂಥ ಪಾಕ ಕಾಸುತ್ತಾರಂತೆ. ಕೆನ್ಯಾದಲ್ಲಿ ಮಾತ್ರ ಇದೇ ಕಾಯಿ ತಿಂದು ತಿಂದು ಮೇಕೆಗಳ ಹಲ್ಲೇ ಹಾಳಾಗಿ, ಅಲ್ಲಿನ ಬಾರಿಂಗೊ ಸೀಮೆಯ ದನಗಾಹಿಗಳು 2006ರ ಸುಮಾರಿಗೆ ಸರ್ಕಾರದ ಮೇಲೆ ಕೇಸು ಹಾಕಿ, ಬೊಚ್ಚು ಬಾಯಿಯ ಮೇಕೆಯೊಂದನ್ನು ಕೋರ್ಟಿಗೇ ಕರೆತಂದರು! ನಾವು ಕಾಯಿಗಳನ್ನು ಗುಡಿಸಿ ಗೋಣಿಯಲ್ಲಿ ತುಂಬಿ ಸುಟ್ಟೆವು. ಪಾಕ ಮಾಡುವ ಧೈರ್ಯ ಯಾರಿಗೂ ಬರಲಿಲ್ಲ.

ಕುರುಗೋಡಿಗೆ ಹೋದದ್ದು ಮೇ ತಿಂಗಳಲ್ಲಿ, ನೆಂಟರ ಮದುವೆಗೆ. ಮದುವೆ ಮುಗಿದ ಮರುದಿನ ದೊಡ್ಡಬಸವೇಶ್ವರನ ದರ್ಶನಕ್ಕೆ ಹೋದೆವು. ಬೇರೆ ಶಿವಾಲಯಗಳಲ್ಲಿ ಲಿಂಗದ ಎದುರು ಬಸವಣ್ಣ ಕೂತಿರುತ್ತಾನೆ. ಇಲ್ಲಿ ಬಸವಣ್ಣನೇ ಸ್ವಾಮಿ. ಒಂದೇ ಕಲ್ಲಿನ ಭಾರೀ ಬಸವ, ಕತ್ತೆತ್ತಿ ನೋಡಬೇಕು. ಕುರುಗೋಡು ಒಂದು ಕಾಲಕ್ಕೆ ಸಿಂದ ಅರಸರ ರಾಜಧಾನಿ. ಹಳೆಯ ಕುರುಗೋಡಿನ ಕಡೆ ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳ ಗುಂಪೇ ಇದೆ. ಈಗ ಊರು ತಾಲ್ಲೂಕು ಆಗಿದೆ, ಆದರೂ ಹಳ್ಳಿಯ ಚಹರೆ ಬಿಟ್ಟಿಲ್ಲ.

ನನ್ನ ಕಣ್ಣು ಮಾತ್ರ ಗುಡಿಗಿಂತ ದಾರಿಯನ್ನೇ ನೋಡುತ್ತಿತ್ತು. ಒಮ್ಮೆ ಮುಳ್ಳು ಕಡಿದವರಿಗೆ ಎಲ್ಲಿ ಹೋದರೂ ಮುಳ್ಳೇ ಕಾಣುತ್ತದೆ. ಊರ ಬೆನ್ನಿಗಿರುವ ಗುಡ್ಡದ ಬುಡದಲ್ಲಿ ಎರಡು ದಾರಿ ಕಂಡೆ. ಒಂದು ಜಾತ್ರೆಯ ಹೊತ್ತಿಗೆ ಹಳ್ಳಿಗಳಿಂದ ನಡೆದು ಬರುವವರ ದಾರಿ. ಫಾಲ್ಗುಣದಲ್ಲಿ ತೇರು, ನಾನು ಹೋದದ್ದು ವೈಶಾಖದಲ್ಲಿ. ಎರಡೇ ತಿಂಗಳಲ್ಲಿ ಎರಡೂ ಕಡೆಯ ಜಾಲಿ ಮೊಣಕಾಲಿಗೆ ಚಿಗುರಿ ಒಳಗೆ ಕೈಚಾಚಿತ್ತು. ಇನ್ನೊಂದು ಮೇಕೆ ಕಾಯುವವರು, ಸೌದೆಯ ಹೆಂಗಸರು ದಿನಾ ಹತ್ತಿ ಇಳಿಯುವ ಸಣ್ಣ ಕಾಲುದಾರಿ. ಅದನ್ನು ಯಾರೂ ಕೂಡಿ ಕಡಿದದ್ದಿಲ್ಲ. ಆದರೆ ಅಂಗೈ ಹಾಗೆ ನುಣ್ಣಗಿತ್ತು! ಬರುವವರು ಹೋಗುವವರು ಒಂದು ಚಿಗುರು ಕಂಡರೆ ಕುಡುಗೋಲಿನ ತುದಿಯಿಂದ ಚಟಕ್ಕನೆ ಮುರಿದು ಮುಂದೆ ಹೋಗುತ್ತಾರೆ. ಮಾತು ನಿಲ್ಲಿಸುವುದೂ ಇಲ್ಲ. ನಾನು ಅಲ್ಲೇ ಒಂದು ಬಂಡೆಯ ಮೇಲೆ ಕೂತು ಅರ್ಧ ಗಂಟೆ ನೋಡಿದೆ. ನಮ್ಮ ಮನೆಯವರು ‘ಬಸವಣ್ಣನ್ನ ನೋಡಾಕ ಬಂದಿಯೋ ಜಾಲಿ ನೋಡಾಕ ಬಂದಿಯೋ?’ ಎಂದು ರೇಗಿಸಿದರು.

ಊರಿಗೆ ಬಂದು ಗುಂಪಿನಲ್ಲಿ ಇದನ್ನೇ ಹೇಳಿದೆ. ವಾರಕ್ಕೆರಡು ದಿನ ಕಡಿಯುವುದನ್ನು ಬಿಟ್ಟು, ದಿನಾ ನಡೆಯುವುದು, ನಡೆಯುವಾಗ ಒಬ್ಬರ ಕೈಯಲ್ಲಿ ಕುಡುಗೋಲು ಎಂದು ಮಾಡಿಕೊಂಡೆವು. ಮೊದಮೊದಲು ಕುಡುಗೋಲು ಹಿಡಿದು ವಾಕಿಂಗ್ ಹೊರಟ ಹೆಂಗಸರನ್ನು ಕಂಡು ಊರು ನಕ್ಕಿತು. ಒಂದು ಲಾಭವೂ ಆಯಿತು, ಸಂಜೆಯ ಕುಡುಕರ ಬಳಗ ಜಾಗ ಬದಲಾಯಿಸಿತು! ಕುಡುಗೋಲಿಗೆ ಹೆದರಿದರೋ ನಮ್ಮ ಬಾಯಿಗೋ ತಿಳಿಯದು. ಗದ್ದೆ ಕೆಲಸದ ಹೆಂಗಸರು ಈಗ ಈ ದಾರಿಯಲ್ಲೇ ಹೋಗುತ್ತಾರೆ. ಹೈಸ್ಕೂಲಿಗೆ ಹೋಗುವ ಹುಡುಗಿಯರು ಸೈಕಲ್ ತರುತ್ತಾರೆ. ಹಿಂದೆ ಒಬ್ಬಳು, ಮುಂದೆ ಒಬ್ಬಳು, ಗಂಟೆ ಬಾರಿಸುತ್ತಾ.

ಜೂನ್ ಮಳೆಗೆ ಏರಿಯ ಮೇಲಿನ ಬೊಡ್ಡೆಗಳೆಲ್ಲ ಮತ್ತೆ ಚಿಗುರಿದವು. ನಿರೀಕ್ಷಿಸಿದ್ದೇ. ಹೊಲದ ಕಡೆ ಬೇರು ತೆಗೆದ ಜಾಗದಲ್ಲಿ ಕಾಂಗ್ರೆಸ್ ಬಂತು, ಕಿತ್ತೆವು. ಅಲ್ಲಿ ಹೊಂಗೆ, ಬೇವು ಹದಿನೈದು ಸಸಿ ನೆಟ್ಟದ್ದರಲ್ಲಿ ಒಂಬತ್ತು ಉಳಿದಿವೆ, ಉಳಿದವು ಮೇಕೆಯ ಪಾಲು. ಆ ಸಸಿಗಳಿಗೆ ಬೇಲಿ ಯಾವುದರದ್ದು ಗೊತ್ತೇ? ಜಾಲಿ ಮುಳ್ಳಿನದೇ.

ನಲವತ್ತು ಹೆಜ್ಜೆಯ ಮೆಳೆ ಇನ್ನೂ ಇದೆ. ನಸುಕಿನಲ್ಲಿ ಅಲ್ಲಿಗೆ ಬರುವಾಗ ನಾವು ಬೇಕೆಂದೇ ಜೋರಾಗಿ ಮಾತಾಡುತ್ತಾ ಬರುತ್ತೇವೆ, ಒಳಗ್ಯಾರಾದರೂ ಇದ್ದರೆ ತಿಳಿಯಲಿ ಎಂದು. ಪಾಳು ಹೊಲದ ಕಡೆ ಇಳಿದು ಸುತ್ತಿ ಹತ್ತುತ್ತೇವೆ. ಮೊನ್ನೆ ಆ ಹುಡುಗಿ ಎದುರು ಸಿಕ್ಕಳು, ಶಾಲೆಗೆ ಹೊರಟಿದ್ದಳು. ‘ನಮ್ಮನೀಗೂ ಗುಂಡಿ ಖಾಲಿ ಮಾಡಿಸ್ತಾರಂತ್ರಿ, ದೀಪಾವಳಿ ಆದಮ್ಯಾಲ’ ಎಂದಳು. ಆಗ ಎರಡು ಕವೆಕೋಲು ಬೇಕಾಗುತ್ತದೆ ಎಂದು ಹಿರಿಯಳು ಈಗಲೇ ಒಂದನ್ನು ಕಡಿದು ಒಣಗಲು ಮನೆಯ ಮಾಡಿಗೆ ಒರಗಿಸಿಟ್ಟಿದ್ದಾಳೆ.